ವಾಪಸು ಬಂದ ಬಾಡಿಗೆ

ಐದನೇ ತಾರೀಕು ಕಳಿಸಿದರೆ
ಹನ್ನೆರಡಕ್ಕೆ ವಾಪಸು.
ಅಂಚೆಯ ಜವರಯ್ಯ ಮೆಟ್ಟಿಲು ಹತ್ತಿ
ಮಹಡಿಯ ಬಾಗಿಲು ಬಡಿದು
ಇಳಿದು ಬಂದು ನನ್ನ ಹೊಸ್ತಿಲಲ್ಲಿ ನಿಲ್ಲುತ್ತಾನೆ:
'ತಗೊಳ್ಳಲ್ವಂತೆ ಕಣಮ್ಮ.'
ಹದಿನಾಲ್ಕು ಮೆಟ್ಟಿಲ ದೂರಕ್ಕೆ
ನನ್ನ ದುಡ್ಡು ಊರೆಲ್ಲ ಸುತ್ತುತ್ತದೆ.

ಮಂಡಿ ಮೊಹಲ್ಲಾದ ಈ ಓಣಿಯಲ್ಲಿ
ಸೀರೆಗೆ ಫಾಲ್ ಹಾಕುವವಳು ನಾನು.
ಇಪ್ಪತ್ತೆರಡು ವರ್ಷ ಒಂದೇ ಕಿಟಕಿಯ ಬೆಳಕು,
ಒಂದೇ ಮಿಷನ್ನು,
ಯಾರ್ಯಾರದೋ ಮದುವೆಗಳ ಅಂಚು.
ಬಾಡಿಗೆ ಕೈಯಿಂದ ಕೈಗೆ ಹೋಗುತ್ತಿತ್ತು.
ರಸೀದಿ ಕೇಳಿದರೆ ದೊರೆಸ್ವಾಮಯ್ಯ ನಗುತ್ತಿದ್ದರು:
'ನಮ್ಮನಮ್ಮಲ್ಲಿ ಕಾಗದ ಗೀಗದ ಯಾಕೆ ಕೆಂಪರಾಜಮ್ಮ?'

ಜಾಗಕ್ಕೆ ಯಾರೋ ಬೆಲೆ ಹೇಳಿದ ದಿನದಿಂದ
ಅವರ ಕೈ ಜೇಬು ಬಿಟ್ಟು ಬರಲಿಲ್ಲ.
ಅವರು ತಗೊಳ್ಳದಿದ್ದರೆ ನಾನು ಸುಸ್ತಿದಾರಳು,
ಸುಸ್ತಿದಾರಳಾದರೆ ಬೀದಿಗೆ.
ಈ ಲೆಕ್ಕ ಬಿಡಿಸಿ ಹೇಳಿದವಳು
ಮೂರನೇ ಮನೆಯ ನೂರ್‌ಜಾನ್‌ಬಿ,
ಎರಡು ಸಲ ಬೀದಿ ಕಂಡವಳು:
'ಎಂ.ಓ. ಮಾಡು. ಬೇಡ ಅಂದರೂ ಮಾಡು.
ಚೀಟಿ ಮಾತ್ರ ಎಸೀಬೇಡ.'

ಒಂಬತ್ತು ಚೀಟಿ,
ಬಾಬಿನ್ ಡಬ್ಬಿಯಲ್ಲಿ.

ನಲ್ಲಿ ಒಂದೇ.
ನೀರು ಬಿಡುವ ಹೊತ್ತಿಗೆ ಅವರ ಹೆಂಡತಿ ಸುನಂದಮ್ಮ
ಮಾತಾಡುವುದಿಲ್ಲ,
ನನ್ನ ಕೊಡ ತುಂಬಿದರೆ ಪಕ್ಕಕ್ಕಿಡುತ್ತಾರೆ.
ಜಗಳಕ್ಕೂ ಒಂದು ಮರ್ಯಾದೆ.

ಆಷಾಢದಲ್ಲಿ ಹಿಂದಿನ ಗೋಡೆ ಹೊಟ್ಟೆ ಬಿಟ್ಟಿತು.
ಪಾಲಿಕೆಯವರು ಬಂದು, ತಟ್ಟಿ ನೋಡಿ,
ಒಂದೇ ನೋಟೀಸು ಎರಡು ಬಾಗಿಲಿಗೆ ಅಂಟಿಸಿದರು:
ಶಿಥಿಲ. ಮೂವತ್ತು ದಿನ.
ಗೋಂದು ಇಬ್ಬರಿಗೂ ಒಂದೇ ಡಬ್ಬಿಯದು.

ವಿಚಾರಣೆ ಹನ್ನೊಂದಕ್ಕೆ.
ಓಣಿಯ ತುದಿಯಲ್ಲಿ ಇದ್ದದ್ದು ಅಫ್ಸರನ ಆಟೋ.
ಅವರೂ ನಿಂತಿದ್ದರು, ಫೈಲು ಕಂಕುಳಲ್ಲಿ.
'ಇಬ್ಬರೂ ಅಲ್ಲಿಗೇ ಅಲ್ವಾ?' ಅಂದ ಅಫ್ಸರ್.
ಹತ್ತಿದೆವು.
ನಡುವೆ ನನ್ನ ಡಬ್ಬಿ, ಅವರ ಛತ್ರಿ.
ದೊಡ್ಡಾಸ್ಪತ್ರೆ ಮುಂದೆ ಗುಂಡಿಗೆ ಆಟೋ ಎಗರಿದಾಗ
ಡಬ್ಬಿ ಹಿಡಿದದ್ದು ಅವರೇ.
ಏನಿದೆ ಇದರಲ್ಲಿ ಅಂತ ಕೇಳಲಿಲ್ಲ.

ಎಂಬತ್ತು ರೂಪಾಯಿ. ಅವರು ಕೊಟ್ಟರು.
ನನ್ನ ಪಾಲು ನಲವತ್ತು ಚಾಚಿದೆ.
ಒಂಬತ್ತು ತಿಂಗಳಲ್ಲಿ ಮೊದಲ ಸಲ
ಆ ಕೈ ನನ್ನ ದುಡ್ಡು ತಗೊಂಡಿತು.
ತಗೊಂಡ ಮೇಲೆ ಇಬ್ಬರಿಗೂ ಗೊತ್ತಾಯಿತು.
ಅವರು ಕಿವಿವರೆಗೂ ಕೆಂಪಾದರು.
ನಾನು ಸೆರಗು ಸರಿಮಾಡಿಕೊಂಡೆ,
ಅದು ಸರಿಯಾಗೇ ಇತ್ತು.

ಒಳಗೆ ಗುಮಾಸ್ತೆ ಹುಡುಗಿ, ಸ್ವರಕ್ಕೆ ನೆಗಡಿ:
'ಬಾಡಿಗೆಯವರಿಗೆ ಸ್ಥಳಾಂತರದ ನೆರವು ಉಂಟು,
ಆರು ತಿಂಗಳ ಬಾಡಿಗೆ, ಸಾಮಾನಿಗೆ ಗಾಡಿ.
ಬಾಡಿಗೆಯವರು ಅನ್ನೋದಕ್ಕೆ ಪುರಾವೆ?'
ಕರಾರು ಇಲ್ಲ. ರಸೀದಿ ಇಲ್ಲ.
ಕರೆಂಟ್ ಬಿಲ್ಲು ಮಹಡಿಯವರ ಹೆಸರಲ್ಲಿ.
ಡಬ್ಬಿ ತೆಗೆದೆ.
ದಾರದ ತುಂಡು ಊದಿ ಊದಿ
ಒಂಬತ್ತನ್ನೂ ಮೇಜಿಗೆ ಹರಡಿದಳು.
ಎಲ್ಲದರಲ್ಲೂ ಅವರ ಹೆಸರು, ನನ್ನ ಹೆಸರು,
ಮನೆಯ ನಂಬರು, ತಿಂಗಳು, 'ಬಾಡಿಗೆ ಬಾಬ್ತು',
ಅದರ ಮೇಲೆ ನೀಲಿ ಮುದ್ರೆ: ನಿರಾಕರಿಸಲಾಗಿದೆ.
'ಬೇಡ ಅನ್ನೋದಕ್ಕೂ ಕೊಡೋರು ಇರಬೇಕಲ್ಲ ಸಾರ್.
ಇವರು ನಿಮ್ಮ ಬಾಡಿಗೆಯವರು ತಾನೆ?'

ಫ್ಯಾನು ಮೂರು ಸುತ್ತು ಹೋಯಿತು.
ದೊರೆಸ್ವಾಮಯ್ಯ ಹೂಂ ಅಂದರು.
ಇಪ್ಪತ್ತೆರಡು ವರ್ಷದ ರಸೀದಿ,
ಅಷ್ಟೇ ಉದ್ದ.

ಆಮೇಲೆ ಮೆಲ್ಲಗೆ, 'ಮಾಲೀಕರಿಗೆ ಏನಾದರೂ...?'
'ಅದಕ್ಕೆ ಕಾಲಂ ಇಲ್ಲ ಸಾರ್.'

ಮಾರನೇ ಬೆಳಿಗ್ಗೆ ನಲ್ಲಿಯ ಹತ್ತಿರ
ಸುನಂದಮ್ಮ ನನ್ನ ಮುಖ ನೋಡದೆ ಕೇಳಿದರು:
'ಎಲ್ಲಾದರೂ ಎರಡು ಕೋಣೆ ಬಾಡಿಗೆಗಿದ್ದರೆ
ನಮಗೂ ಹೇಳಿ.'
ರಸೀದಿಯ ಮಾತು ನಾಲಿಗೆಗೆ ಬಂತು,
ನುಂಗಿದೆ.
'ನೋಡ್ತೀನಿ' ಅಂದೆ.
ತುಂಬಿದ ಅವರ ಕೊಡ ಪಕ್ಕಕ್ಕಿಟ್ಟು
ನನ್ನದು ಹಿಡಿದೆ.